ನಲವತ್ತು ಸಾವಿರಕ್ಕೊಂದು ಕೂಸು

ಕಳೆದ ತಿಂಗಳು ನಮ್ಮ ಭೋಜದಲ್ಲಿ, ನಮ್ಮ ಓಣಿಯಲ್ಲೇ, ಒಂದು ತೊಟ್ಟಿಲ ಕಾರ್ಯಕ್ರಮ ಇತ್ತು. ಕೂಸಿನ ಅಜ್ಜಿ ನನ್ನ ದೊಡ್ಡಪ್ಪನ ಮಗನ ಮಗಳು. ನನ್ನನ್ನು ಕಾಕಾ ಎನ್ನುತ್ತಾಳೆ. ಅಜ್ಜಿ ಎಂದರೆ ಮುದುಕಿ ಅಂದುಕೊಳ್ಳಬೇಡಿ, ಅವಳಿಗೆ ಈಗ 45 ವರ್ಷ. ಬೆಳಿಗ್ಗೆ ನಾನು ಮೊಮ್ಮಗನ ಜೊತೆ ಹೋದಾಗ ಅವಳು ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ನೀರು ಹಾಕುವ ತಯಾರಿಯಲ್ಲಿದ್ದಳು. ಎಣ್ಣೆ ಹಚ್ಚುವ ಮೊದಲು ಕೂಸನ್ನು ಬೋರಲು ಮಲಗಿಸಿಕೊಂಡು ಬೆನ್ನ ಹುರಿಯ ತುದಿಯವರೆಗೂ ಬೆರಳು ಆಡಿಸಿದಳು. ಮತ್ತೊಮ್ಮೆ ಆಡಿಸಿದಳು.

ಮೊಮ್ಮಗ ಹತ್ತನೇ ಇಯತ್ತೆ. ಎಲ್ಲದಕ್ಕೂ ಪ್ರಶ್ನೆ. "ಅಜ್ಜಾ, ಅತ್ತಿ ಏನ ಹುಡಕಾಕತ್ತಾಳ?"

"ನನ್ನ ಗಂಟು ಹುಡಕಾಕತ್ತೀನೋ" ಎಂದು ಅವಳೇ ನಕ್ಕಳು.

ದಾರಿಯಲ್ಲಿ ಅವನಿಗೆ ಅರ್ಧ ಕಥೆ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಬರೆಯಲು ಅವಳ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡ ಅಂದಿದ್ದಾಳೆ.

1980ರ ಫೆಬ್ರವರಿ 16ರಂದು ದೊಡ್ಡ ಸೂರ್ಯಗ್ರಹಣ ಆಯಿತು. ಹಿರಿಯ ಓದುಗರಿಗೆ ನೆನಪಿರಬೇಕು. ಕಾರವಾರ, ಹುಬ್ಬಳ್ಳಿ, ರಾಯಚೂರು ಕಡೆ ಮಧ್ಯಾಹ್ನವೇ ಪೂರ್ತಿ ಕತ್ತಲೆಯಾಯಿತು. ನಮ್ಮಲ್ಲಿ ಪೂರ್ತಿ ಆಗದಿದ್ದರೂ ಬಿಸಿಲು ಮಂಕಾಗಿ, ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಆಗ ನಮ್ಮ ವೈನಿ ಬಸುರಿ. ನೂಲ ಹುಣ್ಣಿಮೆಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಕೂಸಿನ ಬೆನ್ನಿನ ತಳದಲ್ಲಿ, ಬಾಲದೆಲುಬಿನ ಜಾಗದಲ್ಲಿ, ನಿಂಬೆಹಣ್ಣಿನಷ್ಟು ಒಂದು ಗಡ್ಡೆ ಇತ್ತು.

ಊರಲ್ಲಿ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಸೂಲಗಿತ್ತಿಯೂ ನೋಡಿರಲಿಲ್ಲ. ಕಾರಣ ಮಾತ್ರ ಎಲ್ಲರಿಗೂ ಗೊತ್ತಿತ್ತು. "ಗ್ರಾಣದಾಗ ಇಳಗಿ ಹಿಡದಿದ್ದಳು, ಅದಕ್ಕ" ಎಂದು ಒಬ್ಬರು ಅಂದರು. ಹತ್ತು ಜನ ಹೌದೆಂದರು. ವೈನಿ ಆ ದಿನ ಕಾಯಿಪಲ್ಲೆ ಹೆಚ್ಚಿದ್ದು ನಿಜವೋ ಸುಳ್ಳೋ ನನಗೆ ತಿಳಿಯದು. ಅವರು ಮಾತ್ರ ಬಾಣಂತನದ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಕೂಸನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಈಗ ತಾರೀಖು ತಾಳೆ ನೋಡೋಣ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಅದೇ ಕೆಲಸ ಮಾಡಿದವನು ನಾನು. ಈ ಗಡ್ಡೆಗೆ ವೈದ್ಯರು ಇಟ್ಟ ಹೆಸರು ಸ್ಯಾಕ್ರೋಕಾಕ್ಸಿಜಿಯಲ್ ಟೆರಟೋಮಾ. ನಾಲಿಗೆ ತೊಡರುವ ಹೆಸರು, ಒಂದೇ ಸಲ ಬರೆಯುತ್ತೇನೆ. ಮಕ್ಕಳೇ, ಬಾಲದೆಲುಬಿಗೆ ಇಂಗ್ಲಿಷಿನಲ್ಲಿ ಕಾಕ್ಸಿಕ್ಸ್ ಎನ್ನುತ್ತಾರೆ. ಅದು ಗ್ರೀಕರ ಕೋಗಿಲೆಯ ಹೆಸರು. ಆ ಎಲುಬು ಕೋಗಿಲೆಯ ಕೊಕ್ಕಿನ ಹಾಗೆ ಬಾಗಿದೆಯಂತೆ. ಗರ್ಭದ ಮೂರನೇ, ನಾಲ್ಕನೇ ವಾರದಲ್ಲಿ, ಭ್ರೂಣ ಇನ್ನೂ ಎಳ್ಳಿನ ಕಾಳಿನಷ್ಟು ಇರುವಾಗ, ಅದರ ಹಿಂಭಾಗದಲ್ಲಿ ಕೆಲವು ಮೂಲಕಣಗಳು ಇರುತ್ತವೆ. ಚರ್ಮ, ಎಲುಬು, ಕೂದಲು, ಏನು ಬೇಕಾದರೂ ಆಗುವ ಶಕ್ತಿ ಅವುಗಳಿಗಿದೆ. ಕೆಲಸ ಮುಗಿದ ಮೇಲೆ ಅವು ಕರಗಿಹೋಗಬೇಕು. ಅವುಗಳಲ್ಲಿ ಕೆಲವು ಬಾಲದೆಲುಬಿನ ಹತ್ತಿರ ಉಳಿದು ಬೆಳೆಯುವುದರಿಂದ ಈ ಗಡ್ಡೆ ಆಗುತ್ತದೆ ಎಂದು ವೈದ್ಯರು ತಿಳಿಯುತ್ತಾರೆ. ಒಳಗೆ ಕೂದಲು, ಹಲ್ಲಿನ ಚೂರು ಸಿಗುವುದೂ ಉಂಟು.

ಆಗಸ್ಟ್ ಕೊನೆಗೆ ಹುಟ್ಟಿದ ಕೂಸು ಗರ್ಭದಲ್ಲಿ ಮೂಡಿದ್ದು ಹಿಂದಿನ ಡಿಸೆಂಬರ್ ಆರಂಭಕ್ಕೆ. ಮೂರು-ನಾಲ್ಕನೇ ವಾರ ಅಂದರೆ ಡಿಸೆಂಬರ್ ಕೊನೆ. ಗ್ರಹಣ ಆದದ್ದು ಫೆಬ್ರವರಿಯಲ್ಲಿ. ಡಿಸೆಂಬರಿನಲ್ಲಿ ತೆರೆದ ಖಾತೆಗೆ ಫೆಬ್ರವರಿಯ ಚೀಟಿಯನ್ನು ಕಾರಣ ಎಂದು ಯಾವ ಆಡಿಟರನೂ ಒಪ್ಪುವುದಿಲ್ಲ. ವೈನಿಯ ಮೇಲಿನ ಆರೋಪ ಅಲ್ಲಿಗೇ ಬಿದ್ದುಹೋಗುತ್ತದೆ. ಆಗ ಈ ಲೆಕ್ಕ ನನಗೆ ಗೊತ್ತಿರಲಿಲ್ಲ, ಅದೇ ಸಂಕಟ.

ಊರಲ್ಲಿ ಯಾರೂ ನೋಡಿರಲಿಲ್ಲ ಎಂದೆನಲ್ಲ, ಅದಕ್ಕೂ ಲೆಕ್ಕವಿದೆ. ಈ ಗಡ್ಡೆ 35ರಿಂದ 40 ಸಾವಿರ ಹೆರಿಗೆಗೆ ಒಂದು ಎಂದು ವೈದ್ಯರ ಪುಸ್ತಕಗಳು ಹೇಳುತ್ತವೆ. ಒಂದು ಗಂಡಿಗೆ ಮೂರು-ನಾಲ್ಕು ಹೆಣ್ಣು ಕೂಸು. ಹೀಗೇಕೆ ಹೆಣ್ಣು ಹೆಚ್ಚು ಎಂಬುದಕ್ಕೆ ಪುಸ್ತಕಗಳಲ್ಲಿ ಸರಿಯಾದ ಉತ್ತರ ಇಲ್ಲ. ನಮ್ಮ ರಾಜ್ಯದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 17 ಕೂಸು ಹುಟ್ಟುತ್ತವೆ. ಹತ್ತು ಸಾವಿರ ಜನರ ಒಂದು ಊರು ಎಂದು ಹಿಡಿಯಿರಿ. ವರ್ಷಕ್ಕೆ 170 ಹೆರಿಗೆ. ನಲವತ್ತು ಸಾವಿರ ತುಂಬಲು 235 ವರ್ಷ ಬೇಕು! ಯಾವ ಆಯಿಗೆ, ಯಾವ ಮುತ್ತಜ್ಜಿಗೆ ನೆನಪಿರಲು ಸಾಧ್ಯ? ಕಂಡರಿಯದ್ದು ಬಂದಾಗ ಜನ ಕೈಗೆ ಸಿಕ್ಕ ಕಾರಣ ಹಿಡಿದರು. ಆ ವರ್ಷ ಸಿಕ್ಕದ್ದು ಗ್ರಹಣ.

ಇಡೀ ಬೆಳಗಾವಿ ಜಿಲ್ಲೆ ತೆಗೆದುಕೊಂಡರೆ ಲೆಕ್ಕವೇ ಬೇರೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ 47.8 ಲಕ್ಷ. ವರ್ಷಕ್ಕೆ ಸುಮಾರು 81 ಸಾವಿರ ಹೆರಿಗೆ. ಹಾಗಾದರೆ ಪ್ರತಿ ವರ್ಷ ಇಂಥ ಎರಡು ಕೂಸು ನಮ್ಮ ಜಿಲ್ಲೆಯಲ್ಲೇ ಎಲ್ಲೋ ಹುಟ್ಟುತ್ತಿರಬೇಕು, ಅಥಣಿಯಲ್ಲೋ, ರಾಯಬಾಗದಲ್ಲೋ, ಖಾನಾಪುರದಲ್ಲೋ. ಒಬ್ಬ ತಾಯಿಗೆ ಇನ್ನೊಬ್ಬಳ ಸುದ್ದಿ ಗೊತ್ತಿರುವುದಿಲ್ಲ.

ಎರಡೇ ಎಂದೂ ಗಟ್ಟಿಯಾಗಿ ಹೇಳುವಂತಿಲ್ಲ. ಫಿನ್ಲೆಂಡ್ ಎಂಬ ದೇಶ ಇದೆ. ಜನಸಂಖ್ಯೆ 55 ಲಕ್ಷ, ನಮ್ಮ ಜಿಲ್ಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹುಟ್ಟಿನಿಂದ ಬರುವ ದೋಷಗಳಿಗೆ ಅಲ್ಲಿ 1963ರಿಂದ ಒಂದೇ ರಿಜಿಸ್ಟರ್ ಇದೆ, ಇಡೀ ದೇಶಕ್ಕೆ. ಆ ರಿಜಿಸ್ಟರನ್ನೂ ಇತರ ದಾಖಲೆಗಳನ್ನೂ ಜಾಲಾಡಿ ಅಲ್ಲಿನ ವೈದ್ಯರು 2013ರಲ್ಲಿ ಬರೆದ ಪ್ರಕಾರ ಈ ಗಡ್ಡೆ ಸುಮಾರು 15 ಸಾವಿರ ಹೆರಿಗೆಗೆ ಒಂದು. ಗರ್ಭದಲ್ಲೇ ಕಳೆದುಹೋದವನ್ನೂ ಸೇರಿಸಿದರೆ ಸುಮಾರು 11 ಸಾವಿರಕ್ಕೆ ಒಂದು. ಅಲ್ಲಿನವರಲ್ಲೇ ರೋಗ ಜಾಸ್ತಿಯೋ, ಎಣಿಕೆ ಚೊಕ್ಕವೋ? ಎಣಿಕೆಯ ಪಾಲು ದೊಡ್ಡದು ಎಂದು ನನ್ನಂಥ ಕಾರಕೂನನಿಗೆ ಅನ್ನಿಸುತ್ತದೆ. ಫಿನ್ಲೆಂಡಿನ ದರ ಹಿಡಿದರೆ ನಮ್ಮ ಜಿಲ್ಲೆಯ ಎರಡು ಐದಾಗುತ್ತದೆ.

ನಮ್ಮಲ್ಲಿ ರಿಜಿಸ್ಟರುಗಳೇ ಇಲ್ಲವೆಂದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ನೋಂದಣಿ ಇಟ್ಟಿದೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಹಳ್ಳಿಗಾಡಿನ ನೋಂದಣಿ ಶುರುವಾಯಿತು. ಅವರು ಆಸ್ಪತ್ರೆಯಲ್ಲಿ ಕೂತು ಕಾಯದೆ ಹಳ್ಳಿ ಹಳ್ಳಿಗೆ ಹೋಗಿ ಕೇಳಿ ಬರೆದುಕೊಳ್ಳುತ್ತಾರೆ. ಆದರೆ ಕ್ಯಾನ್ಸರ್ ನೋಂದಣಿಯಲ್ಲಿ ಕ್ಯಾನ್ಸರ್ ಮಾತ್ರ ಬರುತ್ತದೆ. ಹುಟ್ಟಿದಾಗ ಈ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಹಾಗಾಗಿ ಅಲ್ಲಿ ಅವುಗಳ ಪುಟವಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಜಿಲ್ಲೆಯ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಪ್ರತಿ ಬಸುರಿಯ ಹೆಸರು ಬರೆದು, ಹೆರಿಗೆಯಾಗಿ 42 ದಿನದವರೆಗೆ ತಾಯಿ-ಕೂಸಿನ ಸುದ್ದಿ ಹಿಡಿದಿಡುವ ರಿಜಿಸ್ಟರನ್ನು ಎಷ್ಟೋ ವರ್ಷ ನಡೆಸಿದರು. ಬಹಳ ಒಳ್ಳೆಯ ಕೆಲಸ. ಆದರೆ ಸಾವಿರಕ್ಕೆ ಇಷ್ಟು ಎಂದು ಎಣಿಸುವ ಸಾವು-ನೋವಿಗೆ ಸಾಕಾಗುವ ಹಳ್ಳಿಗಳು ನಲವತ್ತು ಸಾವಿರಕ್ಕೊಂದನ್ನು ಹಿಡಿಯಲು ಸಾಲುವುದಿಲ್ಲ. ಇಂಥ ಕೂಸುಗಳು ಒಂದು ಲೆಡ್ಜರಿಗೂ ಇನ್ನೊಂದು ಲೆಡ್ಜರಿಗೂ ನಡುವೆ ಬಿದ್ದುಹೋಗುತ್ತವೆ.

ಎಣಿಸಿ ಏನಾಗಬೇಕು ಎಂದು ಮೊಮ್ಮಗ ಕೇಳಿದ. ಏನಾಗುತ್ತದೆ ಎಂಬುದೇ ಈ ಕಥೆಯ ಕಹಿ ಭಾಗ.

1973ರಲ್ಲಿ ಅಮೆರಿಕದ ಮಕ್ಕಳ ಶಸ್ತ್ರವೈದ್ಯರು ಒಂದು ಸರ್ವೇ ಮಾಡಿದರು. ನಮ್ಮ ಹೆಡ್ ಆಫೀಸಿನಿಂದ ಎಲ್ಲ ಬ್ರಾಂಚಿಗೂ ಸುತ್ತೋಲೆ ಬರುತ್ತಿತ್ತಲ್ಲ, ಹಾಗೆಯೇ ನೀವು ನೋಡಿದ ಇಂಥ ಕೂಸುಗಳ ವಿವರ ಕಳಿಸಿ ಎಂದು ಕೇಳಿದರು. ಒಬ್ಬೊಬ್ಬ ವೈದ್ಯ ಜೀವಮಾನದಲ್ಲಿ ನಾಲ್ಕೈದು ನೋಡಿರಬಹುದು, ಎಲ್ಲ ಸೇರಿಸಿದಾಗ 398 ಕೂಸುಗಳ ಲೆಕ್ಕ ಸಿಕ್ಕಿತು. 1974ರಲ್ಲಿ ಅದು ಪ್ರಕಟವಾಯಿತು. ಎರಡು ತಿಂಗಳ ಒಳಗೆ ಗೊತ್ತಾದ ಗಂಡು ಕೂಸುಗಳಲ್ಲಿ ನೂರಕ್ಕೆ ಹತ್ತರಷ್ಟು ಗಡ್ಡೆ ಮಾತ್ರ ಕೆಟ್ಟದ್ದು, ಹೆಣ್ಣು ಕೂಸಿನಲ್ಲಿ ಇನ್ನೂ ಕಡಿಮೆ, 7. ಎರಡು ತಿಂಗಳು ದಾಟಿದ ಮೇಲೆ ಗೊತ್ತಾದವರಲ್ಲಿ ಹೆಣ್ಣಿಗೆ 48, ಗಂಡಿಗೆ 67. ತಡವಾಗಿ ಗೊತ್ತಾಗುವವು ಹೆಚ್ಚಾಗಿ ಒಳಗೇ ಅಡಗಿದ ಗಡ್ಡೆಗಳು, ಆದ್ದರಿಂದ ಇಡೀ ವ್ಯತ್ಯಾಸವನ್ನು ತಡದ ಖಾತೆಗೇ ಹಾಕುವುದು ಸರಿಯಲ್ಲ. ಆದರೂ ಹೊರಗೆ ಕಾಣುವ ಗಡ್ಡೆಯನ್ನು ಇಟ್ಟುಕೊಂಡು ಕಾಯಬಾರದು ಎಂದು ಎಲ್ಲ ಕಡೆ ನಿಯಮವಾದದ್ದು ಇಂಥ ಲೆಕ್ಕದಿಂದಲೇ. ಗಡ್ಡೆಯ ಜೊತೆ ಬಾಲದೆಲುಬನ್ನೂ ತೆಗೆಯಬೇಕು, ಬಿಟ್ಟರೆ ಮತ್ತೆ ಬೆಳೆಯುತ್ತದೆ ಎಂಬುದು ತಿಳಿದದ್ದೂ ಹಾಗೆಯೇ, ಎಣಿಸಿ. ಬಾಸ್ಟನ್ನಿನ ರಾಬರ್ಟ್ ಗ್ರಾಸ್ 1951ರಲ್ಲೇ ಅದನ್ನು ಹೇಳಿದ್ದರು.

ಈಗ ನನ್ನ ಪಾಲು. ಕೂಸಿಗೆ ತಿಂಗಳಾದಾಗ ಅಣ್ಣ ನಿಪ್ಪಾಣಿಯಲ್ಲಿ ನನ್ನ ಬ್ಯಾಂಕಿಗೆ ಬಂದ. "ತಮ್ಮಾ, ಮಿರಜಿಗೆ ಒಯ್ಯಬೇಕಂದರ ರೊಕ್ಕ ಬೇಕು. ಏನ ಮಾಡಲಿ?" ಎಂದ. ಮನೆಯಲ್ಲಿ ಓದಿದವನು ನಾನೊಬ್ಬನೇ, ಬಿ.ಕಾಂ. ನನ್ನ ಮಾತಿಗೆ ಬೆಲೆ ಇತ್ತು. ನಾನು ಕೌಂಟರಿನ ಈಚೆಯಿಂದ ಹೇಳಿದೆ: "ಕೂಸು ಹಾಲು ಕುಡೀತೈತಿ, ಜ್ವರ ಇಲ್ಲ. ಅವಸರ ಯಾಕ? ದೀಪಾವಳಿ ಮುಗೀಲಿ, ಕೈಯಾಗ ರೊಕ್ಕ ಬರತೈತಿ."

ಆ ವರ್ಷ ದೀಪಾವಳಿ ನವೆಂಬರ್ 7ಕ್ಕೆ. ಅದಾಗಿ ನಾಲ್ಕೈದು ದಿನಕ್ಕೆ ಮಿರಜಿಗೆ ಹೋದೆವು. ಅಷ್ಟರಲ್ಲಿ ನಿಂಬೆಹಣ್ಣು ಮೋಸಂಬಿಯಷ್ಟಾಗಿತ್ತು. ಡಾಕ್ಟರು ಕೂಸನ್ನು ತಿರುಗಿಸಿ ನೋಡಿ, ಹುಟ್ಟಿದ ತಾರೀಖು ಕೇಳಿ, ಸುಮ್ಮನಾದರು. ಆಮೇಲೆ ಮರುದಿನವೇ ಆಪರೇಷನ್ ಎಂದರು. ಗಡ್ಡೆಯ ವರದಿ ಬರಲು ಹನ್ನೆರಡು ದಿನ ಹಿಡಿಯಿತು. ಕ್ಯಾನ್ಸರ್ ಅಲ್ಲ ಎಂದು ಬಂತು. ವೈನಿ ಅಂದೇ ಮೊದಲ ಸಲ ಕೂಸನ್ನು ಎಲ್ಲರೆದುರು ಬೋರಲು ಹಾಕಿಕೊಂಡು ಹೊಲಿಗೆ ತೋರಿಸಿದ್ದು. ಮೂರು ವರ್ಷ ತಪಾಸಣೆಗೆ ಹೋಗಿ ಬಂದರು.

ನಿವೃತ್ತಿಯಾದ ಮೇಲೆ, ಒಬ್ಬ ಪರಿಚಯದ ಮಕ್ಕಳ ಡಾಕ್ಟರರಿಂದ ಆ 7 ಮತ್ತು 48ರ ಲೆಕ್ಕ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಜ್ಜಿಯರೇ, ಕೂಸಿನ ಬೆನ್ನನ್ನು ದಿನವೂ ನೋಡುವ ಕೈ ನಿಮ್ಮದು. ಬೆನ್ನ ತಳದಲ್ಲಿ ಗಂಟು ಅಥವಾ ಆಳವಾದ ಕುಳಿ ಕಂಡರೆ, ಎರಡು ಕುಂಡೆ ಒಂದೇ ಸಮ ಇಲ್ಲದಿದ್ದರೆ, ಕೂಸು ಉಚ್ಚೆ-ಕಕ್ಕಸಿಗೆ ತಿಣುಕಿದರೆ ಡಾಕ್ಟರಿಗೆ ತೋರಿಸಿ. ಗಂಟನ್ನು ಒತ್ತಬೇಡಿ, ಚುಚ್ಚಬೇಡಿ, ಲೇಪ ಕಟ್ಟಬೇಡಿ. ಬೆನ್ನಹುರಿಯ ಪೊರೆಯೇ ಹೊರಬಂದು ಗಂಟಿನಂತೆ ಕಾಣುವುದೂ ಉಂಟು, ಯಾವುದು ಎಂದು ಗುರುತಿಸುವುದು ಡಾಕ್ಟರ ಕೆಲಸ. ಈಗ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾಳೆ. ಹುಟ್ಟುದೋಷಗಳ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಇದೆ. ಅವಳು ಬಂದಾಗ ಕೂಸಿನ ಕುಲಾವಿ, ಅಂಗಿ ಎಲ್ಲ ತೆಗೆದು ತೋರಿಸಿ. ಚಳಿಯಾದೀತು ಎಂದು ಸುತ್ತಿಟ್ಟೇ ತೋರಿಸುವವರು ನಮ್ಮ ಓಣಿಯಲ್ಲೇ ಇದ್ದಾರೆ.

ಮೊಮ್ಮಗ ಶಾಲೆಯಲ್ಲಿ ಸಂಭವನೀಯತೆಯ ಪಾಠ ಕಲಿತವನು. 235 ವರ್ಷದ ಲೆಕ್ಕ ಕೇಳಿ, "ಹಂಗಾರ ನಮ್ಮೂರಾಗ ಇನ್ನ ಎರಡನೂರು ವರ್ಷ ಇಲ್ಲ ಬಿಡು ಅಜ್ಜಾ" ಎಂದ. ಹಾಗಲ್ಲ ಎಂದು ನಾಣ್ಯ ಚಿಮ್ಮಿ ತೋರಿಸಿದೆ. ಮೂರು ಸಲ ಸತತವಾಗಿ ರಾಜ ಬಿತ್ತು. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ, ನಾಳೆಯೇ ಇನ್ನೊಂದು ಹುಟ್ಟಬಹುದು ಎಂದೆ. ಅವನು ಸುಮ್ಮನಾದ. ಆಮೇಲೆ, "ದೀಪಾವಳಿ ಮಾತು ಅತ್ತಿಗೆ ಗೊತ್ತೈತೇನು?" ಎಂದ.

ಅವಳಿಗೆ ನಾನು ಇದುವರೆಗೆ ಹೇಳಿಲ್ಲ. ಅಣ್ಣ ತೀರಿಕೊಂಡು ಆರು ವರ್ಷ, ಅವನೂ ಹೇಳಿರಲಾರ. ಈ ವಾರಪತ್ರಿಕೆ ಅವಳ ಮನೆಗೂ ಹೋಗುತ್ತದೆ, ಪದಬಂಧ ತುಂಬಿದ ಮೇಲೆ ಅವಳು ನನ್ನ ಪುಟ ಓದುತ್ತಾಳೆ.