ಕಣಜದ ಕಾವಲು

‘ಕಣಜ’ವೆಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು: ಧಾನ್ಯವನ್ನು ತುಂಬಿಡುವ ಉಗ್ರಾಣ ಒಂದು, ಕುಟುಕುವ ಹುಳು ಇನ್ನೊಂದು. ಎರಡನೆಯ ಕಣಜವು ರೈತನ ಮೊದಲನೆಯ ಕಣಜವನ್ನು ಕಾಯುತ್ತದೆಯೆಂದರೆ ವಾಚಕರು ನಕ್ಕಾರು. ಆದರೂ ಅದು ನಿಜ.

ನಮ್ಮ ಹಿರಿಯರು ಭ್ರಮರ-ಕೀಟ ನ್ಯಾಯವನ್ನು ಹೇಳುತ್ತಿದ್ದರು. ಮಣ್ಣಿನ ಗೂಡಿಗೆ ಹೊತ್ತು ತಂದ ಹುಳು, ತನ್ನನ್ನು ತಂದ ಭ್ರಮರವನ್ನೇ ಧ್ಯಾನಿಸುತ್ತ ಕಡೆಗೆ ತಾನೂ ಅದೇ ಆಗುವುದಂತೆ. ಕಂಡದ್ದು ಸರಿಯೇ, ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ. ನಡುವೆ ನಡೆದದ್ದು ಮಾತ್ರ ಧ್ಯಾನವಲ್ಲ, ಭೋಜನ! ತಾಯಿಕಣಜವಿಟ್ಟ ಮೊಟ್ಟೆಯೊಡೆದು ಬಂದ ಮರಿ ಆ ಹುಳುವನ್ನು ತಿಂದು ಬೆಳೆದಿರುತ್ತದೆ. ಗೂಡು ಕಟ್ಟುವ ಶ್ರಮವನ್ನೂ ತೊರೆದು, ಅನ್ಯಕೀಟದ ಮೈಯನ್ನೇ ಮರಿಗೆ ತೊಟ್ಟಿಲಾಗಿಸುವ ಕಣಜಗಳೂ ಉಂಟು. ಇವೇ ಪರಜೀವಿ ಕಣಜಗಳು.

ಕೋಲಾರದ ಚಿನ್ನದ ಗಣಿಗಳ ಕೆಲಸ 2001ರಲ್ಲಿ ನಿಂತಿತು. ಸುತ್ತಣ ಜಿಲ್ಲೆಯ ಹಳ್ಳಿಗಳಲ್ಲಿ ಗಣಿಯಿಲ್ಲದೆ ದೊರೆಯುವ ಹೊನ್ನೆಂದರೆ ರೇಷ್ಮೆಗೂಡು. ಈ ಹೊನ್ನಿಗೆ ಕಳ್ಳನಾಗಿ ಬಂದದ್ದು ಊಜಿ ನೊಣ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡುಗಳೊಡನೆ ಅದು ಕರ್ನಾಟಕವನ್ನು ಹೊಕ್ಕಿತು. ರೇಷ್ಮೆಹುಳುವಿನ ಮೈಮೇಲೆ ನೊಣವು ಮೊಟ್ಟೆಯಿಡುತ್ತದೆ. ಮರಿಯು ಚರ್ಮವನ್ನು ಕೊರೆದು ಒಳಗೆ ಸೇರುತ್ತದೆ. ಹೊಕ್ಕೆಡೆಯಲ್ಲಿ ಕಪ್ಪು ಕಲೆಯೊಂದೇ ಗುರುತು. ಬೇಗ ತಗುಲಿದರೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ತಡವಾಗಿ ತಗುಲಿದರೆ ನೊಣದ ಮರಿ ಗೂಡನ್ನೇ ತೂತು ಮಾಡಿ ಹೊರಬರುತ್ತದೆ. ಆ ಗೂಡಿನ ನೂಲು ತುಂಡುತುಂಡು.

ನೊಣಕ್ಕೆ ವಿಷ ಸಿಂಪಡಿಸಬಾರದೇ ಎಂದು ಕೇಳಬಹುದು. ರೇಷ್ಮೆಹುಳುವೂ ಕೀಟವೇ ಅಲ್ಲವೇ? ಕಳ್ಳನಿಗೆ ಎರೆದ ವಿಷವನ್ನು ಮನೆಯ ಮಗುವೂ ಕುಡಿಯಬೇಕಾಗುತ್ತದೆ. ಇಲ್ಲಿಯೇ ನಮ್ಮ ಕಣಜದ ಪ್ರವೇಶ.

‘ನೆಸೊಲಿಂಕ್ಸ್ ಥೈಮಸ್’ ಎಂಬ ಈ ಕಣಜ ಎಳ್ಳುಕಾಳಿಗಿಂತ ದೊಡ್ಡದಲ್ಲ. ಮನುಷ್ಯನನ್ನು ಕುಟುಕದು, ರೇಷ್ಮೆಹುಳುವನ್ನು ಮುಟ್ಟದು. ಊಜಿಯ ಮರಿಗಳು ಹುಳುವನ್ನು ಬಿಟ್ಟು, ನೆಲದ ಬಿರುಕುಗಳಲ್ಲಿ ಅಡಗಿ ಕೋಶಗಳಾದಾಗ, ಹೆಣ್ಣುಕಣಜ ಅವುಗಳನ್ನು ಹುಡುಕಿ, ಚಿಪ್ಪನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಸುಮಾರು ಎರಡು ವಾರಗಳಲ್ಲಿ ಅದೇ ಕೋಶದಿಂದ ನೊಣಕ್ಕೆ ಬದಲು ಕಣಜಗಳ ಹಿಂಡು ಹೊರಡುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಇವನ್ನು ಬೆಳೆಸಿ ರೈತರಿಗೆ ಒದಗಿಸುತ್ತದೆ.

ಹುಳುವಿಗಷ್ಟೇ ಅಲ್ಲ, ಅದರ ಮೇವಿಗೂ ಇಂತಹ ಕಾವಲು ದೊರೆತಿದೆ. 2008ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟುತಿಗಣೆ, ಬಳಿಕ ನಮ್ಮ ಹಿಪ್ಪುನೇರಳೆಗೂ ಹಬ್ಬಿತು. ಮದ್ದು ಸಿಂಪಡಿಸಿದ ಸೊಪ್ಪು ಹುಳುವಿಗೆ ಮೃತ್ಯು. 2010ರಲ್ಲಿ ಬೆಂಗಳೂರಿನ ಕೀಟವಿಜ್ಞಾನಿಗಳು ದೂರದ ಪೋರ್ಟೊ ರಿಕೊ ದ್ವೀಪದಿಂದ ‘ಅಸಿರೊಫಾಗಸ್ ಪಪಾಯೆ’ ಎಂಬ ಕಣಜವನ್ನು ತರಿಸಿ, ಬೆಳೆಸಿ ಬಿಟ್ಟರು. ಕೆಲವೇ ತಿಂಗಳುಗಳಲ್ಲಿ ತಿಗಣೆಯ ಹಾವಳಿ ಇಳಿಯಿತು.

ಆದರೆ ಈ ಕಾವಲುಗಾರನಿಗೂ ಒಂದು ಕಟ್ಟಳೆಯುಂಟು. ಊಜಿ ಕಡಮೆಯಾದರೆ ಅದನ್ನು ನಂಬಿದ ಕಣಜವೂ ಕಡಮೆಯಾಗುತ್ತದೆ; ಆದುದರಿಂದ ಬೆಳೆಬೆಳೆಗೂ ಮತ್ತೆ ಬಿಡಬೇಕು. ಒಬ್ಬನೇ ಬಿಟ್ಟರೆ ಸಾಲದು, ಊರೆಲ್ಲ ಒಟ್ಟಾಗಿ ಬಿಡಬೇಕು. ನೊಣಕ್ಕೆ ನೆರೆಮನೆಯ ಗೋಡೆ ಅಡ್ಡವಲ್ಲ. ಪಕ್ಕದ ಟೊಮೇಟೊ ಹೊಲದಿಂದ ಗಾಳಿಯಲ್ಲಿ ತೇಲಿಬಂದ ವಿಷವು ಹುಳುವಿನೊಡನೆ ಈ ಕಾವಲುಗಾರನನ್ನೂ ಕೊಲ್ಲುತ್ತದೆ. ಧಾನ್ಯದ ಕಣಜಕ್ಕೆ ಬೀಗ ಹಾಕಿದರೆ ಸಾಕು. ಈ ಕಣಜವನ್ನು ಉಳಿಸಿಕೊಳ್ಳಲು ನೆರೆಹೊರೆಯವರು ಒಂದು ಮಾತಿಗೆ ಬರಬೇಕು.