ಬರೆದು ಅಳಿಸುವ ಚಾರ್ಟು ನಮ್ಮ ಕೈಯಲ್ಲೇ ಆಗಲಿ



ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಚಾರ್ಟುಗಳು ಎಲ್ಲಿ ತೂಗುತ್ತವೆ, ಒಮ್ಮೆ ನೋಡಿ. ಬಹುತೇಕ ದೊಡ್ಡವರ ತಲೆಗಿಂತ ಮೇಲೆ, ಮಕ್ಕಳ ಕೈಗೆ ಸಿಗದಂತೆ. ಹರಿದೀತು, ಹೊಲಸಾದೀತು ಎಂಬ ಭಯ ನಮಗೆ. ಭಯಕ್ಕೆ ಕಾರಣವೂ ಇದೆ ಅನ್ನಿ. ಕೊರ್ಲಿಮ್‌ನಂಥ ಊರಿನಲ್ಲಿ ಕನ್ನಡದ ಚಾರ್ಟು ಕೇಳಿದ ಕೂಡಲೇ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ತರಿಸಬೇಕು, ಇಲ್ಲವೇ ನಾವೇ ಟೈಪು ಮಾಡಿ ಪ್ರಿಂಟ್ ಹಾಕಿಸಬೇಕು. ನುಡಿ, ಬರಹದ ಹಳೇ ಫಾಂಟಿನ ಕಡತವನ್ನು ಆ ಫಾಂಟೇ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು! (ಪಿಡಿಎಫ್ ಮಾಡಿ ಒಯ್ದರೆ ಈ ಕಾಟ ತಪ್ಪುತ್ತದೆ.) ಇಷ್ಟು ಒದ್ದಾಡಿ ತಂದದ್ದನ್ನು ಮಕ್ಕಳ ಕೈಗೆ ಕೊಡಲು ಯಾರಿಗೂ ಮನಸ್ಸಾಗುವುದಿಲ್ಲ.

ನಾವು ಹೇಳುವುದಿಷ್ಟೇ. ಇಂಥ ಚಾರ್ಟಿನ ಮೇಲೆ ಬರೆದು ಅಳಿಸಬಹುದಾದ ಪಾರದರ್ಶಕ ಅಂಟುಹಾಳೆಯನ್ನು ಶಾಲೆಯಲ್ಲೇ ಕೈಯಿಂದ ಅಂಟಿಸಿ, ಮಗುವಿನ ಎದೆಮಟ್ಟಕ್ಕೆ ಇಳಿಸೋಣ. ಅಂಗಡಿಯಲ್ಲಿ ಡ್ರೈ ಇರೇಸ್ ಲ್ಯಾಮಿನೇಷನ್ ಫಿಲ್ಮ್ ಎಂದು ಕೇಳಬೇಕು. ವೈಟ್‌ಬೋರ್ಡ್ ಫಿಲ್ಮ್ ಅಂದರೆ ಬಿಳಿಯದನ್ನು ಕೊಟ್ಟಾರು, ಅದರಡಿ ಅಕ್ಷರವೇ ಕಾಣದು!

"ಮಕ್ಕಳ ಹತ್ತಿರ ಪಾಟಿ ಇದೆಯಲ್ಲ ಸರ್, ಇದೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ಪಾಟಿ ಬೇಕೇ ಬೇಕು. ಆದರೆ ಒಂದು ಉದಾಹರಣೆ ನೋಡಿ. ದೊಡ್ಡ ಅಕ್ಷರದಲ್ಲಿ 'ಕತೆ' ಎಂದು ಮುದ್ರಿಸಿ, ಕೆಳಗೆ ಜಾಗ ಬಿಡಿ. ಮಗು ಮಾರ್ಕರಿನಿಂದ 'ತ'ದ ಒತ್ತು ಕೊಟ್ಟರೆ ಕತೆ ಕತ್ತೆಯಾಗುತ್ತದೆ. ತರಗತಿಯೆಲ್ಲ ನಗುತ್ತದೆ. ಒರೆಸಿದರೆ ಕತ್ತೆ ಮತ್ತೆ ಕತೆ. ಹಳಿ ಹಳ್ಳಿಯಾಗುತ್ತದೆ, ಬಳಿ ಬಳ್ಳಿಯಾಗುತ್ತದೆ. 'ದ'ದ ಕೆಳಗೆ ಸೀಳುಗೆರೆ ಎಳೆದರೆ 'ಧ'. ಪಾಟಿಯ ಮೇಲೆ ಇಡೀ ಪದ ಬರೆಯುವಾಗ ಮಗುವಿನ ಗಮನ ಹತ್ತು ಕಡೆ ಹರಿಯುತ್ತದೆ. ಇಲ್ಲಿ ಪದ ಹಾಗೇ ನಿಂತಿರುತ್ತದೆ, ಒತ್ತು ಮಾತ್ರ ಮಗುವಿನದು. ಮನೆಯಲ್ಲಿ ಕನ್ನಡ ಆಡುತ್ತ, ಬೀದಿಯ ಬೋರ್ಡಿನಲ್ಲಿ ದೇವನಾಗರಿ, ಇಂಗ್ಲಿಷ್ ಮಾತ್ರ ನೋಡುವ ನಮ್ಮ ಮಕ್ಕಳಿಗೆ ಒತ್ತಕ್ಷರ ಕಣ್ಣಿಗೆ ಬೀಳುವುದೇ ಶಾಲೆಯಲ್ಲಿ. ತಂದೆಯ ಕೆಲಸ ಬದಲಾಗಿ ವರ್ಷದ ನಡುವೆ ಬಂದು ಸೇರುವ ಮಗುವಿಗಂತೂ ಇದು ದೊಡ್ಡ ಆಸರೆ.

ಇದೇನು ಹೊಸ ವಿಚಾರವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಕಲಿಕಾ ಸಾಮಗ್ರಿಯನ್ನು ಮಗುವಿನ ಕೈಗೇ ಕೊಟ್ಟಿತು, ಮಕ್ಕಳ ಎತ್ತರಕ್ಕೇ ಗೋಡೆಯ ಮೇಲೆ ಕಪ್ಪುಹಲಗೆ ಬಳಿಸಿತು.

ಇನ್ನು ಅಂಟಿಸುವ ವಿಧಾನ. ಇದಕ್ಕೆ ಇಬ್ಬರು ಬೇಕು. ಇಂಕ್‌ಜೆಟ್ ಪ್ರಿಂಟಾದರೆ ಒಂದು ದಿನವಾದರೂ ಒಣಗಲಿ. ಫ್ಯಾನ್ ಬಂದ್ ಮಾಡಿ, ಮೇಜು ಒರೆಸಿ. ಸೀಮೆಸುಣ್ಣದ ಧೂಳಿನ ಒಂದು ಕಣ ಒಳಗೆ ಸಿಕ್ಕರೂ ಗುಳ್ಳೆ ಕಾಯಂ. ಫಿಲ್ಮನ್ನು ನಾಲ್ಕೂ ಕಡೆ ಒಂದು ಸೆಂ.ಮೀ. ಹೆಚ್ಚಿಗೆ ಕತ್ತರಿಸಿ. ಹಿಂಬದಿಯ ಕಾಗದವನ್ನು ಎರಡು ಬೆರಳಗಲ ಮಾತ್ರ ಸುಲಿದು, ಮಡಚಿ, ಆ ಅಂಚನ್ನು ಮೊದಲು ನೇರವಾಗಿ ಕೂರಿಸಬೇಕು. ಆಮೇಲೆ ಒಬ್ಬರು ಕಾಗದವನ್ನು ಅಡಿಯಿಂದ ನಿಧಾನಕ್ಕೆ ಎಳೆಯುತ್ತ ಹೋದಂತೆ, ಇನ್ನೊಬ್ಬರು ಹತ್ತಿ ಬಟ್ಟೆ ಸುತ್ತಿದ ಸ್ಕೇಲಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬರಬೇಕು. ಪೂರ್ತಿ ಸುಲಿದು ಒಮ್ಮೆಲೇ ಹಾಸಲು ಹೋದರೆ ಕೆಟ್ಟಿತು! ಕಾಗದಕ್ಕೆ ಅಂಟಿದ್ದು ಹರಿಯದೆ ಏಳುವುದಿಲ್ಲ. ಸಣ್ಣ ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಒತ್ತಿ.

ಝೆರಾಕ್ಸ್ ಅಂಗಡಿಯ ಬಿಸಿ ಲ್ಯಾಮಿನೇಷನ್ ಸಾಲದೇ? ಸಣ್ಣ ಕಾರ್ಡಿಗೆ ಸಾಕು. ದೊಡ್ಡ ಚಾರ್ಟು ಆ ಯಂತ್ರದಲ್ಲಿ ಹೋಗುವುದಿಲ್ಲ. ಮೇಲಾಗಿ ಬರೆದದ್ದು ನಾಲ್ಕು ದಿನ ಉಳಿದರೆ ಒರೆಸಿದ ಮೇಲೂ ಮಸುಕು ನೆರಳು ಉಳಿಯಬಹುದು. ಹಾಗಂತ ಗೋಡೆಯ ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಸುವುದು ನಮಗೆ ಇಷ್ಟವಿಲ್ಲ. ರಾಷ್ಟ್ರನಾಯಕರ ಚಿತ್ರಕ್ಕೆ ಅದೇಕೆ? ದಿನಾಲೂ ಬದಲಾಗುವ ಫಲಕಕ್ಕೆ ಸಾಕು. ದಿನಾಂಕ, ವಾರ, ದಾಖಲಾತಿ, ಹಾಜರಿ ಎಂದು ಮುದ್ರಿಸಿ, ಖಾಲಿ ಜಾಗವನ್ನು ಕನ್ನಡ ಅಂಕಿಯಲ್ಲಿ ಮಕ್ಕಳೇ ತುಂಬಲಿ.

ಈ ಕೆಲಸಕ್ಕೆ ಪಾಲಕರನ್ನು ಕರೆಯಿರಿ ಎಂಬುದು ನಮ್ಮ ಆಗ್ರಹ. ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಕೈಗಳಿಗೆ ಇದು ನಮಗಿಂತ ಚೆನ್ನಾಗಿ ಒಗ್ಗುತ್ತದೆ. ಸಭೆಗೆ ಕರೆದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವವರು, ಓದು ಬಾರದವರೂ, ಸ್ಕೇಲು ಹಿಡಿದರೆ ಮಾತಾಡುತ್ತಾರೆ.

ಡಿಸೆಂಬರಿನಿಂದ ಫೆಬ್ರುವರಿವರೆಗಿನ ಒಣ ದಿನಗಳಲ್ಲೇ ಮುಗಿಸಿ. ಗೋವಾದ ಮಳೆಗಾಲದಲ್ಲಿ ಕಾಗದ ತೇವ ಹೀರಿರುತ್ತದೆ, ಆ ತೇವ ಫಿಲ್ಮಿನಡಿ ಸಿಕ್ಕಿಕೊಂಡರೆ ಬೂಸ್ಟು ಹಿಡಿಯುತ್ತದೆ. ಮಗುವೊಂದು ಪರ್ಮನೆಂಟ್ ಮಾರ್ಕರಿನಲ್ಲಿ ಗೀಚಿದರೆ ಬೈಯಬೇಡಿ. ಅದರ ಮೇಲೆಯೇ ವೈಟ್‌ಬೋರ್ಡ್ ಮಾರ್ಕರಿನಿಂದ ತಿದ್ದಿ, ಹಸಿ ಇರುವಾಗಲೇ ಒರೆಸಿದರೆ ಬಹುಮಟ್ಟಿಗೆ ಹೋಗುತ್ತದೆ.