ಎಲ್ಲಿಗೂ ಹೋಗದ ಹಳಿ

ಎರಡನೇ ಇಂಟರ್ನಲ್ಸ್ ಮುಗಿದ ವಾರ ನಾವು ಆರು ಜನ ಕುಕ್ಕೆಗೆ ಹೊರಟಿದ್ದೆವು, ಹಗಲಿನ ಟ್ರೇನಲ್ಲಿ. ಸಕಲೇಶಪುರದವರೆಗೆ ಚೆನ್ನಾಗೇ ಓಡಿದ ಗಾಡಿ ಅಲ್ಲಿಂದಾಚೆ ಎತ್ತಿನಗಾಡಿ ಆಗಿಹೋಯ್ತು. ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ಘಾಟಿ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗಿಳಿಯುವಷ್ಟು ಇಳಿಜಾರು. ವೇಗ ಗಂಟೆಗೆ 30 ಕಿಲೋಮೀಟರ್ ದಾಟುವಂತಿಲ್ಲ. ಮೊದಲ ನಾಲ್ಕು ಸುರಂಗಕ್ಕೆ ಕಿರುಚಾಡಿ, ರೀಲ್ಸ್ ಮಾಡಿ ಆಯ್ತು. ಆಮೇಲೆ ಕಾಡಿನ ನಡುವೆ ಒಂದು ಪುಟ್ಟ ಸ್ಟೇಷನ್ ಹತ್ತಿರ ಗಾಡಿ ನಿಂತೇಬಿಟ್ಟಿತು. ಹತ್ತೋರೂ ಇಲ್ಲ, ಇಳಿಯೋರೂ ಇಲ್ಲ. "ಯಾರಿಗೋಸ್ಕರ ನಿಲ್ಸಿದಾರೆ ಮಗಾ, ಕಾಟಿ ಹತ್ತತ್ತಾ ಇಲ್ಲಿ?" ಅಂತ ನಮ್ಮಲ್ಲೊಬ್ಬ ಬೈದ.

ಕಿಟಕಿ ಪಕ್ಕ ಕೂತಿದ್ದವಳು ಹೊರಗೆ ಕೈ ತೋರಿಸಿದಳು. ಮೇನ್ ಲೈನಿನಿಂದ ಕವಲೊಡೆದ ಒಂದು ಹಳಿ ಗುಡ್ಡದ ಕಡೆ ಏರಿಕೊಂಡು ಹೋಗಿ ಅಲ್ಲೇ ಮುಗಿದುಹೋಗಿತ್ತು. ಪ್ಲಾಟ್‌ಫಾರ್ಮ್ ಇಲ್ಲ, ಗೋಡೌನ್ ಇಲ್ಲ, ಏನೂ ಇಲ್ಲ. ಬಜೆಟ್ ಮುಗಿದು ಬಿಟ್ಟಿರಬೇಕು ಅಂತ ನಕ್ಕೆವು. ಎದುರು ಸೀಟಿನಲ್ಲಿದ್ದ ಹಿರಿಯರೊಬ್ಬರು, ರೈಲ್ವೆಯಲ್ಲೇ ಕೆಲಸ ಮಾಡಿ ರಿಟೈರ್ ಆದವರಂತೆ, "ಅದು ಬ್ರೇಕ್ ಹೋದ ಗಾಡಿಗೆ ಅಂತ ಮಾಡಿರೋ ದಾರಿ ಕಣಪ್ಪ. ಇಷ್ಟು ಹೊತ್ತು ನಿಂತಿದ್ದೂ ಅದಕ್ಕೇನೇ" ಅಂದರು.

ಅದರ ಹೆಸರು ಕ್ಯಾಚ್ ಸೈಡಿಂಗ್. ಇಳಿಜಾರಲ್ಲಿ ಹತೋಟಿ ತಪ್ಪಿ ಬರೋ ಗಾಡಿಯನ್ನ ಸ್ಟೇಷನ್ನಿಗೆ ನುಗ್ಗದಂತೆ ಪಕ್ಕಕ್ಕೆ ಎಳೆದುಕೊಂಡು, ಏರು ಹತ್ತಿಸಿ, ಮರಳಲ್ಲಿ ಹೂತು ನಿಲ್ಲಿಸೋ ಹಳಿ. ನಮಗೆ ನಿಜವಾಗಿ ತಲೆ ಕೆಟ್ಟಿದ್ದು ಅದು ಕೆಲಸ ಮಾಡೋ ಕ್ರಮ ಕೇಳಿ. ಪಾಯಿಂಟ್ ಯಾವಾಗಲೂ ಆ ಸೈಡಿಂಗ್ ಕಡೆಗೇ ತಿರುಗಿರತ್ತೆ, ಮೇನ್ ಲೈನ್ ಕಡೆಗಲ್ಲ. ಇಳಿದು ಬಂದ ಗಾಡಿ ಮೊದಲು ಪೂರ್ತಿ ನಿಲ್ಲಬೇಕು. ನಿಂತು ತೋರಿಸಿದರೆ ಬ್ರೇಕ್ ಇದೆ ಅಂತ ಅರ್ಥ. ಆಮೇಲೆ ಪಾಯಿಂಟ್ ಬದಲಾಯಿಸಿ ಮುಂದೆ ಬಿಡ್ತಾರೆ. ನಿಲ್ಲದಿದ್ದರೆ ಯಾರೂ ಓಡಿ ಬಂದು ಯಾವ ಲಿವರ್ರನ್ನೂ ಎಳೆಯಬೇಕಾಗಿಲ್ಲ, ಗಾಡಿ ತಾನಾಗೇ ಸೈಡಿಂಗಿಗೆ ಹೋಗತ್ತೆ. ಅಂದರೆ ಬರೋ ಪ್ರತಿ ಗಾಡಿಗೂ ಬ್ರೇಕ್ ಫೇಲ್ ಆಗಿದೆ ಅಂತಲೇ ಆ ಸ್ಟೇಷನ್ ನಂಬಿಕೊಂಡು ಕೂತಿರತ್ತೆ.

ಇಂಥ ಸಾಧನಗಳ ಒಂದು ಕುಟುಂಬವೇ ಇದೆ. ಅತಿ ಸಣ್ಣದು ಡಿರೇಲ್: ಹಳಿಯ ಮೇಲೆ ಕೂರಿಸೋ ಒಂದು ಉಕ್ಕಿನ ತುಂಡು. ಉರುಳಿಕೊಂಡು ಬಂದ ಚಕ್ರವನ್ನ ಎತ್ತಿ ಹಳಿಯಿಂದ ಆಚೆ ಬೀಳಿಸತ್ತೆ, ಅಷ್ಟೇ ಅದರ ಕೆಲಸ. ಟ್ರ್ಯಾಪ್ ಪಾಯಿಂಟ್ ಅನ್ನೋದು ಅರ್ಧಕ್ಕೆ ಬಿಟ್ಟ ಪಾಯಿಂಟ್ ಥರ, ಸೈಡಿಂಗಿಂದ ತಪ್ಪಿಸಿಕೊಂಡ ವ್ಯಾಗನ್ನನ್ನ ನೆಲಕ್ಕೆ ಇಳಿಸತ್ತೆ. ಕ್ಯಾಚ್ ಸೈಡಿಂಗ್ ಸ್ಟೇಷನ್ ಕಡೆಗೆ ಬರೋ ಗಾಡಿಗಾದರೆ, ಸ್ಲಿಪ್ ಸೈಡಿಂಗ್ ಸ್ಟೇಷನ್ನಿಂದ ಜಾರಿಹೋಗೋ ಗಾಡಿಗೆ. ನಮ್ಮ ರೈಲ್ವೆ ನಿಯಮದ ಪ್ರಕಾರ ಸ್ಟೇಷನ್ ಕಡೆಗಿನ ಇಳಿಜಾರು 80ಕ್ಕೆ 1ಕ್ಕಿಂತ ಕಡಿದಾಗಿದ್ದರೆ ಮೊದಲನೆಯದು ಬೇಕು, ಸ್ಟೇಷನ್ನಿಂದಾಚೆಗಿನ ಇಳಿಜಾರು 100ಕ್ಕೆ 1ಕ್ಕಿಂತ ಕಡಿದಾಗಿದ್ದರೆ ಎರಡನೆಯದು.

ಘಾಟಿಗೆ ಸರಿ, ಸಮತಟ್ಟು ಸ್ಟೇಷನ್ನಿಗೆ ಇದೆಲ್ಲ ಯಾಕೆ ಅಂತ ನಾವೂ ಕೇಳಿಕೊಂಡೆವು. ಲೆಕ್ಕ ಹಾಕಿ ನೋಡಿ. ಸ್ಟೇಷನ್ ಯಾರ್ಡಿನ ಇಳಿಜಾರು 400ಕ್ಕೆ 1 ಮೀರಬಾರದು ಅಂತಿದೆ, 1200ಕ್ಕೆ 1 ಇದ್ದರೆ ಒಳ್ಳೇದು ಅಂತಲೂ ಇದೆ. ಸುಮಾರು 80 ಟನ್ನಿನ ಲೋಡೆಡ್ ವ್ಯಾಗನ್ ತಗೊಳ್ಳಿ. 400ಕ್ಕೆ 1ರಲ್ಲಿ ಅದನ್ನ ಕೆಳಗೆ ಎಳೆಯೋ ಬಲ 200 ಕೆಜಿ ತೂಕದಷ್ಟು. ರೋಲರ್ ಬೇರಿಂಗ್ ಇರೋ ವ್ಯಾಗನ್ ಉರುಳೋಕೆ ಒಡ್ಡೋ ತಡೆ ಟನ್ನಿಗೆ ಒಂದೆರಡು ಕೆಜಿ, ಅಂದರೆ ಹೆಚ್ಚೂಕಮ್ಮಿ 80ರಿಂದ 160. ಗೆಲ್ಲೋದು ಇಳಿಜಾರೇ. ಕಣ್ಣಿಗೆ ಕಾಣದಷ್ಟು ಇಳಿಜಾರು ಅದು, ಒಮ್ಮೆ ಚಕ್ರ ತಿರುಗಿದರೆ ತಾನಾಗಿ ನಿಲ್ಲಲ್ಲ. 1200ಕ್ಕೆ 1ರಲ್ಲಿ ಎಳೆತ 67 ಕೆಜಿಗೆ ಇಳಿಯತ್ತೆ, ಬಚಾವ್. ಬೇರಿಂಗ್ ಒಳ್ಳೇದಾದಷ್ಟೂ ವ್ಯಾಗನ್ ಸುಲಭವಾಗಿ ಓಡಿಹೋಗತ್ತೆ ಅನ್ನೋದನ್ನ ನಮ್ಮ ಮೆಷಿನ್ ಡಿಸೈನ್ ಕ್ಲಾಸಲ್ಲಿ ಯಾರೂ ಹೇಳಿರಲಿಲ್ಲ.

ಇನ್ನೊಂದು ಲೆಕ್ಕ. ಬ್ರೇಕಿಲ್ಲದ ಗಾಡಿ ಬರೀ ಏರಿನಿಂದಲೇ ನಿಲ್ಲಬೇಕಾದರೆ ಎಷ್ಟು ಎತ್ತರ ಹತ್ತಬೇಕು? ಪಿಯುಸಿ ಫಿಸಿಕ್ಸ್ ಸಾಕು, ತೂಕ ಎರಡೂ ಕಡೆ ಹೊಡೆದುಹೋಗತ್ತೆ. ಗಂಟೆಗೆ 30 ಕಿಲೋಮೀಟರಿಗೆ ಮೂರೂವರೆ ಮೀಟರ್. 60ಕ್ಕೆ 14 ಮೀಟರ್, ಅಂದರೆ ನಾಲ್ಕು ಮಹಡಿಗಿಂತ ಜಾಸ್ತಿ. ಗೋವಾ ಕಡೆಯ ಘಾಟಿಯಲ್ಲಿ, ನಮ್ಮ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯೋ ದಾರಿಯಲ್ಲಿ, ಇಳಿಜಾರು 37ಕ್ಕೆ 1. ಅಲ್ಲಿ ತಡೆಯೋರಿಲ್ಲದೆ ಜಾರೋ ಗಾಡಿ ಒಂದೇ ನಿಮಿಷಕ್ಕೆ 50 ಕಿಲೋಮೀಟರ್ ವೇಗ ಮುಟ್ಟತ್ತೆ. ಹಾಗಾಗಿ ಇಂಥ ಸಾಧನ ಗಾಡಿ ನಿಂತಿರೋ ಜಾಗದ ಬುಡದಲ್ಲೇ ಇರಬೇಕು. ವೇಗ ಬಂದ ಮೇಲೆ ಆಟ ಬೇರೆ. 2001ರಲ್ಲಿ ಅಮೆರಿಕದ ಓಹಾಯೋದಲ್ಲಿ 47 ಬೋಗಿಗಳ ಗೂಡ್ಸೊಂದು ಚಾಲಕನಿಲ್ಲದೆ ಓಡಿದಾಗ ದಾರಿ ಮಧ್ಯೆ ಡಿರೇಲ್ ತಂದಿಟ್ಟರು, ಅದನ್ನ ತಳ್ಳಿಕೊಂಡೇ ಮುಂದೆ ಹೋಯ್ತು. ಅನ್‌ಸ್ಟಾಪಬಲ್ ಸಿನಿಮಾ ನೋಡಿದೋರಿಗೆ ಕಥೆ ಗೊತ್ತಿರತ್ತೆ.

ಇಷ್ಟೆಲ್ಲ ಓದಿದ ಮೇಲೆ ನಮಗೆ ಒಂದು ವಿಷಯಕ್ಕೆ ನಾಚಿಕೆ ಆಯ್ತು. 2024ರ ಫೆಬ್ರುವರಿ 25, ನಾವಾಗ ಪಿಯುಸಿ. ಜಮ್ಮುವಿನ ಕಠುವಾ ಸ್ಟೇಷನ್ನಿಂದ ಜಲ್ಲಿ ತುಂಬಿದ 53 ವ್ಯಾಗನ್ನುಗಳ ಗೂಡ್ಸು ಚಾಲಕನಿಲ್ಲದೆ ಹೊರಟು, 70 ಕಿಲೋಮೀಟರ್ ಓಡಿ ಪಂಜಾಬಿನ ಊಂಚಿ ಬಸ್ಸಿ ಹತ್ತಿರ ನಿಂತಿತು. ದಾರಿಯ ಗೇಟುಗಳನ್ನ ಮುಚ್ಚಿಸಿ, ಹಳಿ ಮೇಲೆ ಮರದ ದಿಮ್ಮಿ, ಮರಳು ಇಟ್ಟು ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಗ್ರೂಪಿನಲ್ಲಿ "ಇಂಡಿಯಾದ ಮೊದಲ ಡ್ರೈವರ್‌ಲೆಸ್ ಟ್ರೇನ್" ಅನ್ನೋ ಮೀಮ್ ಓಡಾಡಿತು, ನಾವೂ ಫಾರ್ವರ್ಡ್ ಮಾಡಿದೆವು. ನಗು ಮುಗಿದ ಮೇಲೆ ಬಂದ ಪ್ರಶ್ನೆ ಒಂದೇ: ಹ್ಯಾಂಡ್ ಬ್ರೇಕ್ ಹಾಕದೆ ಹೋದವನು ಯಾರು, ಅವನಿಗೆ ಏನು ಶಿಕ್ಷೆ? ಮರೆತವನ ಹಿಂದೆ ಏನಿತ್ತು, ಏನಿರಬೇಕಿತ್ತು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾವೆಲ್ಲ ಆಗ ಸಿಇಟಿಗೆ ಓದ್ತಾ ಇದ್ದ ಭಾವಿ ಎಂಜಿನಿಯರುಗಳು!

ಕೆನಡಾದ ಲಾಕ್ ಮೆಗಾಂಟಿಕ್ ಊರಿಗೆ ಆ ಅದೃಷ್ಟ ಇರಲಿಲ್ಲ. 2013ರ ಜುಲೈ 5ರ ರಾತ್ರಿ ಕಚ್ಚಾ ತೈಲ ತುಂಬಿದ 72 ಟ್ಯಾಂಕರುಗಳ ಗಾಡಿಯನ್ನ ಊರಿಂದ ಸುಮಾರು 11 ಕಿಲೋಮೀಟರ್ ಮೇಲೆ, ನಾಂಟ್ ಅನ್ನೋ ಕಡೆ, ಇಳಿಜಾರಿನ ಮೇನ್ ಲೈನಲ್ಲೇ ನಿಲ್ಲಿಸಿ ಚಾಲಕ ಮಲಗಲು ಹೋದ. ಏಳು ಹ್ಯಾಂಡ್ ಬ್ರೇಕ್ ಹಾಕಿದ್ದ, ಅಷ್ಟು ಸಾಲದು. ಗಾಡಿಯನ್ನ ಹಿಡಿದಿದ್ದು ಓಡ್ತಾ ಇದ್ದ ಎಂಜಿನ್ನಿನ ಗಾಳಿ ಬ್ರೇಕು. ಆ ಎಂಜಿನ್ನಿಗೆ ಬೆಂಕಿ ಹತ್ತಿತು, ಆರಿಸಲು ಬಂದವರು ನಿಯಮದಂತೆ ಎಂಜಿನ್ ಆಫ್ ಮಾಡಿದರು. ಗಾಳಿ ಮೆಲ್ಲಗೆ ಸೋರಿತು. ಒಂದು ಗಂಟೆ ಕಳೆದು ಗಾಡಿ ಹೊರಟಿತು, ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಊರಿನ ನಟ್ಟನಡುವೆ ಹಳಿ ತಪ್ಪಿ ಸಿಡಿಯಿತು. 47 ಜನ ಸತ್ತರು.

ಗಾಡಿ ನಿಂತಿದ್ದ ಜಾಗದ ಪಕ್ಕದಲ್ಲೇ ಒಂದು ಸೈಡಿಂಗ್ ಇತ್ತು. ಅದಕ್ಕೆ ಡಿರೇಲ್ ಇತ್ತು. ಆದರೆ ಆ ಸೈಡಿಂಗಲ್ಲಿ ಖಾಲಿ ಬೋಗಿಗಳನ್ನ ನಿಲ್ಲಿಸಿದ್ದರು.

ಆಮೇಲೆ ಮೂವರು ನೌಕರರ ಮೇಲೆ ಕೇಸ್ ನಡೀತು, 2018ರ ಜನವರಿಯಲ್ಲಿ ಮೂವರೂ ಖುಲಾಸೆಯಾದರು. ತನಿಖೆ ಮಾಡಿದ ಸಂಸ್ಥೆ ಪಟ್ಟಿ ಮಾಡಿದ ಕಾರಣಗಳು 18. ಹದಿನೆಂಟು ಕಾರಣ ಒಟ್ಟಿಗೆ ಸೇರಿ ಆದ ದುರಂತವನ್ನ ಒಬ್ಬನ ಮರೆವು ಅಂತ ಕರೆಯೋದು ಸುಲಭ. ನಮ್ಮ ಪ್ರಕಾರ ಅದು ಸೋಮಾರಿ ಉತ್ತರ.

ಈ ಮಾತನ್ನ ಸೀನಿಯರ್ ಒಬ್ಬರ ಮುಂದೆ ಹೇಳಿದಾಗ ಅವರು, "ಇದೆಲ್ಲ ಬ್ರಿಟಿಷರ ಕಾಲದ್ದು, ಈಗ ಕವಚ್ ಬರ್ತಿದೆಯಲ್ಲಾ" ಅಂದರು. ಕವಚ್ ಒಳ್ಳೆಯ ವ್ಯವಸ್ಥೆ, ಅನುಮಾನ ಇಲ್ಲ. ಆದರೆ ಬ್ರೇಕ್ ಹಾಕೋ ಅದರ ಉಪಕರಣ ಇರೋದು ಎಂಜಿನ್ನಿನಲ್ಲಿ. ಯಾರ್ಡಿಂದ ಒಂಟಿಯಾಗಿ ಉರುಳಿ ಬಂದ ವ್ಯಾಗನ್ನಿಗೆ ಎಂಜಿನ್ನೂ ಇಲ್ಲ, ರೇಡಿಯೋನೂ ಇಲ್ಲ. ಅದಕ್ಕೆ ಅರ್ಥ ಆಗೋ ಭಾಷೆ ಕಬ್ಬಿಣದ ತುಂಡಿನದು ಮಾತ್ರ.

ಸೀನಿಯರ್ ಹೇಳಿದ ಇನ್ನೊಂದು ಮಾತಿಗೆ ಮಾತ್ರ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಡಿರೇಲ್ ತೆಗೆಯೋದು ಮರೆತರೆ ಸರಿಯಾಗಿ ಬರ್ತಾ ಇರೋ ಗಾಡಿಯೇ ಬೀಳತ್ತೆ, ಒಳಗಿರೋ ಚಾಲಕನಿಗೇ ಪೆಟ್ಟು. ನಿಜ. ಕ್ಯಾಚ್ ಸೈಡಿಂಗಿಗೆ ಹೋದ ಗಾಡಿಯಲ್ಲಿರೋರಿಗೂ ಅದು ಹೂವಿನ ಹಾಸಿಗೆ ಅಲ್ಲ. ಕೆಲವರಿಗೆ ಆಗೋ ಏಟನ್ನ ಒಪ್ಪಿಕೊಂಡು ಹಲವರನ್ನ ಉಳಿಸೋ ಯೋಜನೆ ಇದು, ಆ ಕೆಲವರಲ್ಲಿ ನಮ್ಮನೆಯವರಿದ್ದರೆ ಇಷ್ಟು ಸಲೀಸಾಗಿ ಬರೀತಿದ್ದೆವಾ ಗೊತ್ತಿಲ್ಲ. ಆದರೂ ಎಲ್ಲಿ ಬೀಳಬೇಕು ಅಂತ ನಾವು ಮೊದಲೇ ತೀರ್ಮಾನ ಮಾಡದಿದ್ದರೆ ಇಳಿಜಾರು ತೀರ್ಮಾನ ಮಾಡತ್ತೆ. ಲಾಕ್ ಮೆಗಾಂಟಿಕ್‌ನಲ್ಲಿ ಅದೇ ಆಗಿದ್ದು.

ಹೀಗಾಗಿ ನಮ್ಮ ಡಿಪಾರ್ಟ್‌ಮೆಂಟುಗಳಿಗೆ ಒಂದು ಬೇಡಿಕೆ ಇಡ್ತಿದ್ದೇವೆ. ಫೇಲ್-ಸೇಫ್ ಅನ್ನೋದು ನಮಗೆ ಎರಡು ಮಾರ್ಕಿನ ಡೆಫಿನಿಷನ್ ಆಗಿ ಸಿಕ್ಕಿದೆ, ಬಾಯಿಪಾಠ ಮಾಡಿದ್ದೇವೆ, ಬರೆದಿದ್ದೇವೆ, ಮರೆತಿದ್ದೇವೆ. ಪ್ರಾಜೆಕ್ಟ್ ರಿವ್ಯೂ ದಿನ ಎಲ್ಲರೂ ನೋಡೋದು "ವರ್ಕ್ ಆಗತ್ತಾ" ಅಂತ. ಕೆಲಸ ಮಾಡಿತು ಅಂದರೆ ಚಪ್ಪಾಳೆ, ಮಾಡಲಿಲ್ಲ ಅಂದರೆ "ನಿನ್ನೆ ಮಾಡ್ತಿತ್ತು ಸರ್". ಕೆಟ್ಟರೆ ಎಲ್ಲಿಗೆ ಹೋಗತ್ತೆ ಅಂತ ಕೇಳಿದ ಎಕ್ಸಾಮಿನರನ್ನ ನಾವಿನ್ನೂ ನೋಡಿಲ್ಲ. ರಿವ್ಯೂ ಶೀಟಿನಲ್ಲಿ ಆ ಒಂದು ಕಾಲಂ ಸೇರಿಸಿ, ಅದಕ್ಕೆ ಮಾರ್ಕ್ಸ್ ಇಡಿ. ಐದೇ ಇಡಿ, ಸಾಕು. ಮಾರ್ಕ್ಸ್ ಇಲ್ಲದಿದ್ದರೆ ನಾವು ಯಾರೂ ತಲೆ ಕೆಡಿಸಿಕೊಳ್ಳಲ್ಲ ಅನ್ನೋದು ನಿಮಗೂ ಗೊತ್ತು, ನಮಗೂ ಗೊತ್ತು.

ನಮ್ಮ ಟೀಮಿನದ್ದು ಗೆರೆ ಹಿಡಿದು ಹೋಗೋ ಒಂದು ಟ್ರಾಲಿ, 15 ಕೆಜಿ ಹೊರತ್ತೆ. ಈ ಲೇಖನ ಬರೆಯೋಕೆ ಶುರು ಮಾಡಿದ ಮೇಲೆ, ನೋಡೋಣ ಅಂತ ಓಡ್ತಿರುವಾಗಲೇ ಸೆನ್ಸರಿನ ವೈರ್ ಕಿತ್ತೆವು. ಅದು ಕೊನೆಗೆ ಸಿಕ್ಕಿದ್ದ ಕಮಾಂಡನ್ನೇ ಹಿಡಿದುಕೊಂಡು, ಅದೇ ವೇಗದಲ್ಲಿ, ಕಾರಿಡಾರಿನ ಕೊನೆಯ ಮೆಟ್ಟಿಲುಗಳ ಕಡೆ ಹೋಯ್ತು. ಕೆಳಗಿನ ಮೆಟ್ಟಿಲ ಮೇಲೆ ಜೂನಿಯರ್ಸ್ ಇಬ್ಬರು ಕೂತು ರೆಕಾರ್ಡ್ ಬರೀತಿದ್ದರು. ನಮ್ಮಲ್ಲೊಬ್ಬ ಬ್ಯಾಗ್ ಎಸೆದು ಚಕ್ರಕ್ಕೆ ಸಿಕ್ಕಿಸಿದ್ದಕ್ಕೆ ಮೊದಲ ಮೆಟ್ಟಿಲಲ್ಲೇ ಮಗುಚಿ ನಿಂತಿತು. ಒಂದು ಮೋಟರ್ ಹೋಯ್ತು. ರಿವ್ಯೂ ಮುಂದಿನ ವಾರ ಇದೆ, ಕೋಡ್ ಬದಲಾಯಿಸ್ತಾ ಇದ್ದೇವೆ: ಸೆನ್ಸರ್ ಸಿಗ್ನಲ್ ಇರೋವರೆಗೆ ಮಾತ್ರ ಬ್ರೇಕ್ ಬಿಡಬೇಕು, ಇಲ್ಲದಿದ್ದರೆ ಹಿಡಿದೇ ಇರಬೇಕು. ಯಾರ ಹತ್ತಿರವಾದರೂ 12 ವೋಲ್ಟಿನ ಹಳೆಯ ಗೇರ್ ಮೋಟರ್ ಇದ್ದರೆ ಕೊಡಿ ಮಾರಾಯ್ರೇ, ರಿವ್ಯೂ ಮುಗಿದ ತಕ್ಷಣ ವಾಪಸ್ ಕೊಡ್ತೇವೆ.